ಲುವಾಂಗ್ ಪೋ ಹೂಂ ಅಂದರು

ನಮ್ಮ ವಿಹಾರದ ವ್ಯಾನು ಪ್ರಾಣ ಬಿಡುವಾಗ ಒಂಬತ್ತು ಜನ ಭಿಕ್ಷುಗಳ ಊಟವನ್ನೂ ಜೊತೆಗೇ ಕೊಂಡೊಯ್ದಿತು. ನಡುಹಗಲು ದಾಟಿದ ಮೇಲೆ ಭಿಕ್ಷುಗಳು ಅನ್ನ ಮುಟ್ಟುವಂತಿಲ್ಲ. ಬುದ್ಧ ಭಗವಾನರು ಈ ನಿಯಮ ಮಾಡಿದಾಗ ಡೀಸೆಲ್ ಪಂಪು ಕೈಕೊಡುವ ಸಂಭವವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಿಂಗ್‌ಬುರಿಯ ಹೆದ್ದಾರಿಯಲ್ಲಿ, ಗೃಹಪ್ರವೇಶದ ಮನೆಯ ಶಾಮಿಯಾನ ಕಣ್ಣಿಗೆ ಬೀಳುವಷ್ಟು ಹತ್ತಿರ ಬಂದು, ವ್ಯಾನು ಒಂದು ಸಲ ಕೆಮ್ಮಿತು, ಒಂದಿಷ್ಟು ಕಪ್ಪು ಹೊಗೆ ಉಗುಳಿತು, ಆಮೇಲೆ ಮಾತಾಡಲಿಲ್ಲ. ಒಂಬತ್ತು ಕಾವಿಗಳು ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ಸಾಲಾಗಿ ನಡೆದು ಹೊಸಿಲು ಮುಟ್ಟುವುದಕ್ಕೂ ಆ ಮನೆಯ ಗೋಡೆ ಗಡಿಯಾರ ಹನ್ನೆರಡು ಹೊಡೆಯುವುದಕ್ಕೂ ಸರಿಹೋಯಿತು. ಕೆಂಡದಲ್ಲಿ ಸುಟ್ಟ ಮೀನು, ತೆಂಗಿನಹಾಲಿನ ಸಾರು, ಮಾವಿನಹಣ್ಣಿನ ಪಕ್ಕದಲ್ಲಿ ಅಂಟಕ್ಕಿಯ ಅನ್ನ, ಎಲ್ಲವೂ ಮೈತೊಳೆದು ಸಿಂಗರಿಸಿಕೊಂಡು ಕೂತಿದ್ದವು. ಮನೆಯೊಡತಿ ಗೋಳೋ ಎಂದು ಅತ್ತಳು. ನಮ್ಮ ಹಿರಿಯ ಭಿಕ್ಷು, ಊರೆಲ್ಲ 'ಲುವಾಂಗ್ ಪೋ', ಅಂದರೆ ಪೂಜ್ಯ ತಂದೆ ಎಂದು ಕರೆಯುವವರು, ಮೀನನ್ನು ಒಮ್ಮೆ ನೋಡಿದರು. "ಹೂಂ" ಅಂದರು. ಮಂತ್ರ ಹೇಳಿ, ನೀರು ಚಿಮುಕಿಸಿ, ಬಂದ ಹಾಗೆಯೇ ನಡೆದುಕೊಂಡು ವಾಪಸಾದರು.

ಆ ಹೂಂಕಾರದ ಬಗ್ಗೆ ಎರಡು ಮಾತು ಹೇಳಲೇಬೇಕು. ಭಿಕ್ಷುವಾದವನು ಬೇಡುವಂತಿಲ್ಲ. ಬೆಳಗಿನ ಭಿಕ್ಷೆಗೆ ಹೋದಾಗಲೂ ಪಾತ್ರೆ ಹಿಡಿದು ಸುಮ್ಮನೆ ನಿಲ್ಲಬೇಕೇ ಹೊರತು "ಸ್ವಲ್ಪ ಸಾರು ಹಾಕಮ್ಮ" ಎನ್ನುವ ಹಾಗಿಲ್ಲ. ಕೊಟ್ಟದ್ದನ್ನು ಬೇಡವೆಂದರೆ ಕೊಟ್ಟವನ ಪುಣ್ಯಕ್ಕೆ ಕಲ್ಲು ಹಾಕಿದಂತೆ. ಹೀಗೆ ಬೇಕು ಅನ್ನುವುದನ್ನೂ ಬೇಡ ಅನ್ನುವುದನ್ನೂ ತೆಗೆದುಬಿಟ್ಟರೆ ಮನುಷ್ಯನ ಬಾಯಲ್ಲಿ ಉಳಿಯುವುದು ಹೂಂ ಒಂದೇ. ಬೇರೆ ಭಿಕ್ಷುಗಳು ಈ ನಿಯಮವನ್ನು ಅಷ್ಟಿಷ್ಟು ಸಡಿಲಿಸಿಕೊಂಡಿರಬಹುದು. ನಮ್ಮ ಲುವಾಂಗ್ ಪೋ ಅಕ್ಷರಶಃ ಪಾಲಿಸುವವರು. ನಾನು ಈ ಊರಿನ ಶಾಲೆಗೆ ಮೇಷ್ಟ್ರಾಗಿ ಬಂದು, ನಿವೃತ್ತನಾಗಿ, ವಿಹಾರದ ಸಮಿತಿಯಲ್ಲಿ ಧ್ವನಿವರ್ಧಕದ ಉಸ್ತುವಾರಿ ವಹಿಸಿಕೊಳ್ಳುವವರೆಗೂ ಅವರ ಬಾಯಿಂದ 'ನನಗೆ' ಎಂಬ ಶಬ್ದ ಹೊರಟದ್ದನ್ನು ಕೇಳಿಲ್ಲ.

ಇನ್ನು ವ್ಯಾನಿನ ಸಾರಥಿ ಲುಂಗ್ ಸನನ್. 'ಲುಂಗ್' ಅಂದರೆ ದೊಡ್ಡಪ್ಪ. ಅರವತ್ತು ದಾಟಿ, ಯಾವ ಕೆಲಸವೂ ಕೈಗೆ ಹತ್ತದೆ ಹೋದ ಗಂಡಸನ್ನು ಊರು ಹೀಗೆ ಗೌರವಿಸುತ್ತದೆ. ಅವನು ಅಕ್ಕಿ ಗಿರಣಿಯಲ್ಲಿದ್ದ, ಅದು ಮುಚ್ಚಿತು. ಬಾತುಕೋಳಿ ಸಾಕಿದ, ಅವು ಪಕ್ಕದ ಗದ್ದೆಗೆ ಹೋಗಿ ಅಲ್ಲಿಯವರ ಬಾತುಕೋಳಿಗಳಾದವು. ಕೊನೆಗೆ ಸಿಕ್ಕಿದ್ದು ಲುವಾಂಗ್ ಪೋ ಅವರ ಮುಂದಿನ ಈ ಡ್ರೈವರ್ ಸೀಟು. ಆ ಸೀಟಿನಲ್ಲಿ ಕೂತಾಗ ಪೊಲೀಸರು ಕೈ ಮುಗಿಯುತ್ತಿದ್ದರು. ಮುಗಿಯುತ್ತಿದ್ದದ್ದು ಹಿಂದೆ ಕೂತವರಿಗೆ ಎಂಬ ಸೂಕ್ಷ್ಮಕ್ಕೆ ಅವನು ತಲೆ ಕೆಡಿಸಿಕೊಂಡವನಲ್ಲ. ಹೋದ ಮನೆಯಲ್ಲೆಲ್ಲ ಭಿಕ್ಷುಗಳದ್ದಾದ ಮೇಲೆ ಮೊದಲ ತಟ್ಟೆ ಅವನದು. ದಾರಿಯುದ್ದಕ್ಕೂ ಅವನು ಮಾತಾಡುತ್ತಿದ್ದ. ಮಾತಾಡುವಾಗ ಎದುರಿನವರ ಮುಖ ನೋಡುವುದು ಸಭ್ಯತೆ ಎಂದು ಅವನ ತಾಯಿ ಕಲಿಸಿದ್ದಳು. ಎದುರಿನವರು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು.

ವ್ಯಾನು ಸತ್ತ ಸುದ್ದಿ ಮನೆ ಮುಟ್ಟುತ್ತಲೇ ಅವನ ಹೆಂಡತಿ ಸಮ್ಲೀ ಸಂತೋಷದಿಂದ ಕೈ ಒರೆಸಿಕೊಂಡಳು. ಅವಳದು ಐಸ್ ಡಿಪೋ. ಬೆಳಕು ಹರಿಯುವ ಮೊದಲೇ ಐಸ್ ಮೂಟೆಗಳನ್ನು ಹಳೆಯ ಪಿಕಪ್ಪಿನಲ್ಲಿ ಹೇರಿಕೊಂಡು ಊರಿನ ಎಲ್ಲ ನೂಡಲ್ ಅಂಗಡಿಗಳಿಗೂ ತಲುಪಿಸುತ್ತಿದ್ದಳು.

"ಒಳ್ಳೇದಾಯ್ತು ಮುದುಕಪ್ಪ. ಸೀಟು ಹೋಯ್ತಲ್ಲ, ನಾಳೆಯಿಂದ ಮೂಟೆ ಹೊರೋಕೆ ಬನ್ನಿ. ಕೂಲಿಯವನು ಮದುವೆ ಮಾಡ್ಕೊಂಡು ಹೋಗಿಬಿಟ್ಟ."

"ಹೊಸ ಗಾಡಿ ಬರುತ್ತೆ ಕಣೇ. ಊರು ಕೊಡಿಸುತ್ತೆ."

"ಬರೋವರೆಗೆ ಮೂಟೆ. ಬಂದ ಮೇಲೂ ಬೇರೆಯವರು ಹತ್ತಿದ್ರೆ, ಆಮೇಲೂ ಮೂಟೆ."

ಸನನ್ ಆ ಮೂಟೆಗಳನ್ನು ನೋಡಿದ. ಅವು ತಣ್ಣಗೆ ಅವನನ್ನೇ ನೋಡುತ್ತಿದ್ದವು. ಆ ಕ್ಷಣದಿಂದ ಲುಂಗ್ ಸನನ್‌ನ ಬದುಕಿನಲ್ಲಿ ಇದ್ದದ್ದು ಒಂದೇ ಗುರಿ: ಗಾಡಿ ಯಾವುದೇ ಬರಲಿ, ಅದರ ಸ್ಟೀರಿಂಗ್ ತನ್ನ ಕೈಯಲ್ಲಿರಬೇಕು.

ಸಮಿತಿಯ ಸಭೆ ವಿಹಾರದ ಮಂಟಪದಲ್ಲಿ ಸೇರಿತು. ನಮ್ಮ ವಿಹಾರದಲ್ಲಿ ದಾನಿಯ ಹೆಸರಿಲ್ಲದ ವಸ್ತುವಿಲ್ಲ. ಕಂಬಕ್ಕೆ ಹೆಸರಿದೆ, ಮೆಟ್ಟಿಲಿಗೆ ಹೆಸರಿದೆ, ಪಾಯಿಖಾನೆಯ ಬಾಗಿಲಿನ ಒಳಮೈಗೂ ಇದೆ, ಕೂತವರು ನಿಧಾನವಾಗಿ ಓದಿಕೊಳ್ಳಲೆಂದು. ಫ್ಯಾನಿನ ಪ್ರತಿಯೊಂದು ರೆಕ್ಕೆಗೂ ಬೇರೆ ಬೇರೆ ದಾನಿಗಳಿದ್ದಾರೆ. ತಿರುಗುವಾಗ ಹೆಸರು ಕಾಣುವುದಿಲ್ಲವಾದ್ದರಿಂದ ದಾನಿಗಳು ಬಂದಾಗ ಫ್ಯಾನ್ ಆರಿಸಿ ಎಲ್ಲರೂ ಬೆವರುತ್ತೇವೆ. ಹೀಗಿರುವಾಗ ಒಂದು ಕಾರು, ಅದರ ಎರಡು ಬಾಗಿಲು, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು, ಅದೂ ಜಿಲ್ಲೆಯೆಲ್ಲ ಸುತ್ತುವಂಥದ್ದು! ಪುಣ್ಯಕ್ಕೆ ಚಕ್ರ ಬಂದಂತಾಗಿ ಮೂವರು ಮುಂದೆ ಬಂದರು.

ಮೊದಲನೆಯವರು ಹತ್ತೂರಿನ ಮುಖ್ಯಸ್ಥ ಕಮ್ನಾನ್ ವಿರೋಟ್. ಭತ್ತ ಕೊಯ್ಯುವ ಯಂತ್ರಗಳನ್ನು ಬಾಡಿಗೆಗೆ ಬಿಡುವವರು. ಅವರ ನರಗಳಲ್ಲಿ ಹರಿಯುವುದು ಡೀಸೆಲ್. ಎರಡನೆಯವರು ಹೆದ್ದಾರಿಯಲ್ಲಿ ಗ್ಯಾಸ್ ಬಂಕ್ ಇಟ್ಟಿರುವ ಸಾಹುಕಾರ ಕಿಮ್. ಅವರು ಕೂರಲು ಸಮಿತಿ ಯಾವಾಗಲೂ ಎರಡು ಕುರ್ಚಿ ಜೋಡಿಸುತ್ತದೆ. ಮೂರನೆಯವರು ಬ್ಯಾಂಕ್ ಮ್ಯಾನೇಜರರ ವಿಧವೆ ಒರಾಪಿನ್, ಊರಿಗೆಲ್ಲ 'ಖುನ್ ನಾಯ್', ಅಂದರೆ ದೊಡ್ಡ ಮನೆಯ ಅಮ್ಮಾವ್ರು. ಅವರ ಮಗಳು ಬ್ಯಾಂಕಾಕಿನಲ್ಲಿ ಹೊಸ ಹೈಬ್ರಿಡ್ ಕೊಂಡು ಹಳೆಯ ಹೈಬ್ರಿಡ್ಡನ್ನು ತಾಯಿಯ ಅಂಗಳದಲ್ಲಿ ನಿಲ್ಲಿಸಿ ಹೋಗಿದ್ದಳು.

"ಡೀಸೆಲ್ ಪಿಕಪ್. ಬೇರೆ ಮಾತೇ ಇಲ್ಲ," ಅಂದರು ಕಮ್ನಾನ್. "ಹೋದ ಪ್ರವಾಹದಲ್ಲಿ ಎದೆಮಟ್ಟ ನೀರಲ್ಲಿ ಓಡಿದ್ದು ಯಾವುದು? ಡೀಸೆಲ್."

"ಹೊಗೆ ಕುಡ್ಕೊಂಡು ಮಂತ್ರ ಹೇಳ್ಬೇಕಾ ಪಾಪ ಅವ್ರು?" ಅಂದರು ಸಾಹುಕಾರ ಕಿಮ್. "ಗ್ಯಾಸು ಅಂದ್ರೆ ಭೂಮಿತಾಯಿ ಉಸಿರು. ಮುಂದಿನ ಕಾಲ ಏನಿದ್ರೂ ಅದರದ್ದೇ."

"ನಿಮ್ಮ ಬಂಕಿಗೆ ಆ ತಾಯಿ ವಾರಕ್ಕೆಷ್ಟು ಸಲ ಉಸಿರಾಡ್ತಾಳೆ ಅದನ್ನ ಹೇಳಿ. ಅಲ್ಲಿ ಕ್ಯೂ ನಿಂತ ಟ್ಯಾಕ್ಸಿಯವ್ರು ಬಾಟ್ಲಿ ಮುಚ್ಚಳ ಇಟ್ಕೊಂಡು ಚದುರಂಗ ಆಡಿ ಆಡಿ ಜಿಲ್ಲಾ ಪಂದ್ಯಕ್ಕೆ ಹೋಗಿದಾರೆ."

ಖುನ್ ನಾಯ್ ಕರವಸ್ತ್ರದಿಂದ ಮೂಗಿನ ತುದಿ ಒತ್ತಿಕೊಂಡರು. "ಒಬ್ಬರದ್ದು ಹೊಗೆ, ಒಬ್ಬರದ್ದು ವಾಸನೆ. ಬ್ಯಾಂಕಾಕಿನಲ್ಲಿ ಮರ್ಯಾದಸ್ಥರೆಲ್ಲ ಈಗ ಹೈಬ್ರಿಡ್ಡೇ. ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ."

ಇಲ್ಲಿ ಸುಮ್ಮನಿದ್ದಿದ್ದರೆ ಲುಂಗ್ ಸನನ್ ಬದುಕಿಕೊಳ್ಳುತ್ತಿದ್ದ. ಆದರೆ ಐಸ್ ಮೂಟೆಯ ತಂಪು ಬೆನ್ನಿಗೆ ತಾಗುತ್ತಿತ್ತು. ಅವನು ಎದ್ದು ನಿಂತು ಕೈಮುಗಿದು, "ದಯವಿಟ್ಟು ತಪ್ಪು ತಿಳೀಬೇಡಿ. ಬ್ಯಾಂಕಾಕಿನ ಕಾರು ಮೇಳದಲ್ಲಿ ನಾನು ಮೂರನ್ನೂ ಅಧ್ಯಯನ ಮಾಡಿ ಬಂದಿದೀನಿ," ಅಂದ.

ಈ ಅಧ್ಯಯನಕ್ಕೆ ನಾನೇ ಸಾಕ್ಷಿ. ಅವನು ಬ್ಯಾಂಕಾಕಿಗೆ ಹೋದ ಬಸ್ಸಿನಲ್ಲೇ ನಾನೂ ಹೋಗಿದ್ದೆ. ಹೊರಗಿನ ಬಿಸಿಲು ತಾಳಲಾರದೆ ಅವನು ಮೇಳದ ತಂಪಿಗೆ ಹೊಕ್ಕ. ಪ್ರದರ್ಶನಕ್ಕಿಟ್ಟ ಕಾರೊಂದರ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ನಿದ್ದೆ ಹೋದ. ಕಾವಲಿನವರು ಎಬ್ಬಿಸಿ ಕಳಿಸುವಾಗ ಕೈಗೆ ಸಿಕ್ಕಷ್ಟು ಬಣ್ಣದ ಕರಪತ್ರಗಳನ್ನು ಬೀಸಿಕೊಳ್ಳಲೆಂದು ತಂದಿದ್ದ.

"ಹಾಗಾದ್ರೆ ವಿವರಿಸಯ್ಯ," ಅಂದರು ಕಮ್ನಾನ್.

"ಸುಲಭವಾಗಿ ಹೇಳ್ತೀನಿ, ಎಲ್ಲರಿಗೂ ಅರ್ಥವಾಗೋ ಹಾಗೆ. ಡೀಸೆಲ್ ಅಂದ್ರೆ ಕೋಣ. ಗುಟುರು ಹಾಕುತ್ತೆ, ಕೆಸರಲ್ಲಿ ಎಳೆಯುತ್ತೆ, ಬುದ್ಧಿ ಮಾತ್ರ ಕೇಳ್ಬೇಡಿ."

ನಮ್ಮಲ್ಲಿ ಗೌರವಸ್ಥನೊಬ್ಬನ ಎದುರು ಕೋಣ ಎಂಬ ಪ್ರಾಣಿಯ ಹೆಸರು ಎತ್ತುವುದಿಲ್ಲ. ಕಮ್ನಾನ್ ಕಿವಿ ಕೆಂಪಾಯಿತು. ಸನನ್‌ಗೆ ಅದು ಕಾಣಲಿಲ್ಲ, ಅವನು ಭಾಷಣಕಾರನಾಗಿದ್ದ.

"ಗ್ಯಾಸು ನಿಧಾನ. ತಪ್ಪಲ್ಲ. ಆದ್ರೆ ಹಿಂಭಾಗ ಅಷ್ಟೂ ಸಿಲಿಂಡರೇ ತುಂಬ್ಕೊಂಡಿರುತ್ತೆ. ಅಷ್ಟು ದೊಡ್ಡ ಹಿಂಭಾಗ ಇಟ್ಕೊಂಡು ಎಲ್ಲಿಗೆ ಹೋಗೋಕಾಗುತ್ತೆ ಹೇಳಿ?"

ಸಾಹುಕಾರ ಕಿಮ್ ಎರಡು ಕುರ್ಚಿಗಳ ಮೇಲೆ ಮೆಲ್ಲಗೆ ಸರಿದು ಕೂತರು. ಎರಡೂ ಕಿರುಗುಟ್ಟಿದವು.

"ಇನ್ನು ಹೈಬ್ರಿಡ್ಡು. ಅದು ಎರಡು ಸಂಸಾರ ಇಟ್ಟ ಗಂಡಸಿನ ಹಾಗೆ. ಪೆಟ್ರೋಲು ದೊಡ್ಡ ಹೆಂಡತಿ, ಬ್ಯಾಟರಿ ಚಿಕ್ಕೋಳು. ಒಬ್ಬಳ ಮನೆಯಿಂದ ಇನ್ನೊಬ್ಬಳ ಮನೆಗೆ ಸದ್ದಿಲ್ಲದೆ ದಾಟಿಬಿಡ್ತಾನೆ. ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ!"

ಯಾರೂ ನಗಲಿಲ್ಲ. ದಿವಂಗತ ಮ್ಯಾನೇಜರರು ಲೋಪ್‌ಬುರಿಯಲ್ಲಿ ಇಟ್ಟಿದ್ದ ಎರಡನೆಯ ಸಂಸಾರ ಅವರ ಅಂತ್ಯಕ್ರಿಯೆಗೆ ಮೂರು ಮಕ್ಕಳ ಸಮೇತ ಬಂದು ಮುಂದಿನ ಸಾಲಿನಲ್ಲೇ ಕೂತದ್ದು ಊರಿಗೆಲ್ಲ ಗೊತ್ತು. ಖುನ್ ನಾಯ್ ಕರವಸ್ತ್ರವನ್ನು ನಾಲ್ಕಾಗಿ, ಎಂಟಾಗಿ, ಮಡಚಲಾಗದಷ್ಟು ಸಣ್ಣದಾಗಿ ಮಡಚಿದರು. ಒಂದೇ ಉಸಿರಿನಲ್ಲಿ ಮೂವರು ದಾನಿಗಳನ್ನು ಕಳೆದುಕೊಳ್ಳುವುದು ಎಲ್ಲರಿಗೂ ಸಾಧ್ಯವಾಗುವ ವಿದ್ಯೆಯಲ್ಲ.

ಸಭೆ ಮುರಿಯಬಾರದೆಂದು ನಾನು, "ಲುವಾಂಗ್ ಪೋ ಅವರ ಮನಸ್ಸು ಯಾವುದಕ್ಕೆ ಒಲಿಯುತ್ತೋ ಅದೇ ಆಗಲಿ. ಸನನ್ ಹೋಗಿ ಮೂರನ್ನೂ ಅರಿಕೆ ಮಾಡಲಿ," ಎಂದು ಸೂಚಿಸಿದೆ. ಎಲ್ಲರೂ ಒಪ್ಪಿದರು. ಬಾಯಿ ಬಿಟ್ಟು ಏನನ್ನೂ ಕೇಳದ ಸನ್ಯಾಸಿಯ ಇಷ್ಟವನ್ನು ತಿಳಿದು ಬರಲು, ಬಾಯಿ ಮುಚ್ಚಲಾಗದ ಮನುಷ್ಯನನ್ನು ಕಳಿಸಿದೆವು.

ಲುವಾಂಗ್ ಪೋ ತಮ್ಮ ಕುಟೀರದ ಮೆಟ್ಟಿಲ ಮೇಲೆ ಮಡಿಲಲ್ಲಿ ಬೆಕ್ಕು ಮಲಗಿಸಿಕೊಂಡು ಕೂತಿದ್ದರು. ಸನನ್ ಮೂರು ಸಲ ಅಡ್ಡಬಿದ್ದು ಕರಪತ್ರ ಹರಡಿದ. ಜೊತೆಗೆ ಹೋಗಿದ್ದ ನಾನು ಕನ್ನಡಕ ಹಾಕಿಕೊಂಡು ಓದಿದೆ. ಡೀಸೆಲ್ಲಿನ ಶಕ್ತಿ ಓದಿದೆ. "ಹೂಂ" ಅಂದರು. ಗ್ಯಾಸಿನ ಶುದ್ಧಿ ಓದಿದೆ. "ಹೂಂ" ಅಂದರು. ಹೈಬ್ರಿಡ್ಡಿನ ಮೌನ ಓದಿದೆ. "ಹೂಂ" ಅಂದರು.

ಹೊರಗೆ ಬಂದು ಸನನ್ ನನ್ನ ತೋಳು ಹಿಡಿದ. "ಮೇಷ್ಟ್ರೇ, ಯಾವ ಹೂಂ ಉದ್ದ ಇತ್ತು?"

"ಮೂರೂ ಒಂದೇ ಅಳತೆ."

"ಗ್ಯಾಸಿಗೆ ಅಂದದ್ದು ಸ್ವಲ್ಪ ಮೂಗಲ್ಲಿತ್ತು ಅಲ್ವಾ?"

"ಆಗ ಬೆಕ್ಕು ಉಗುರು ಚಾಚಿತು."

ಸನನ್ ಕರಪತ್ರಗಳನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅವನ ಮುಖದ ಮೇಲೆ ಬೆಳಕು ಮೂಡಿತು. ಆ ಬೆಳಕು ಮೂಡಿದಾಗಲೆಲ್ಲ ಊರಿಗೆ ಏನಾದರೊಂದು ನಷ್ಟವಾಗಿದೆ. ಬಾತುಕೋಳಿ ಸಾಕುವ ಮುಂಚೆಯೂ ಮೂಡಿತ್ತು. "ಹಾಗಾದ್ರೆ ಯಾರಿಗೆ ಹೋಗಿ 'ನಿಮ್ಮದಕ್ಕೆ ಹೂಂ ಅಂದ್ರು' ಅಂದ್ರೂ ಸುಳ್ಳಾಗಲ್ಲ!"

"ಇನ್ನೆರಡಕ್ಕೂ ಅಂದ್ರು ಅಂತ ಹೇಳಬೇಡವೇ?"

"ಕೇಳಿದ್ರೆ ಹೇಳ್ತೀನಿ."

ಕಮ್ನಾನ್ ಮನೆ ಮುಂದೆ ಕೊಯ್ಲು ಯಂತ್ರಕ್ಕೆ ಗ್ರೀಸ್ ಹಚ್ಚುತ್ತಿದ್ದರು. "ಬಾಪ್ಪಾ ಬಾ. ಕೋಣನ ಕೊಟ್ಟಿಗೆಗೇ ಬಂದೆಯಾ?"

"ಅಯ್ಯೋ, ಕೋಣ ಅಂದ್ರೆ ನಂದಿಯಷ್ಟೇ ಪೂಜ್ಯ ನನಗೆ. ಒಂದು ಗುಟ್ಟು ಹೇಳೋಕೆ ಬಂದೆ. ಡೀಸೆಲ್ಲಿಗೆ ಲುವಾಂಗ್ ಪೋ ಹೂಂ ಅಂದ್ರು."

ಗ್ರೀಸ್ ಕೈಯಲ್ಲೇ ಕಮ್ನಾನ್ ಅವನನ್ನು ಅಪ್ಪಿಕೊಂಡರು. "ನಾನು ಹೇಳ್ಲಿಲ್ವಾ! ಆದ್ರೆ ನೋಡು, ಈಗಲೇ ಯಾರಿಗೂ ಹೇಳ್ಬೇಡ. ಸಾಹುಕಾರ್ರಿಗೂ ಅಮ್ಮಾವ್ರಿಗೂ ಪಾಪ ಬೇಜಾರಾಗುತ್ತೆ. ಕೀ ನಿನ್ನ ಕೈಲೇ ಇರುತ್ತೆ, ಚಿಂತೆ ಮಾಡ್ಬೇಡ."

ಗ್ಯಾಸ್ ಬಂಕಿನಲ್ಲಿ ಸಾಹುಕಾರ ಕಿಮ್ ಕಣ್ಣು ಒದ್ದೆ ಮಾಡಿಕೊಂಡರು. "ಹೂಂ ಅಂದ್ರಾ! ಈ ಬಂಕು ಇವತ್ತು ಮುಚ್ಚುತ್ತೆ, ನಾಳೆ ಮುಚ್ಚುತ್ತೆ ಅಂತಿದ್ರಲ್ಲ ಎಲ್ರೂ. ಸನನ್, ನನ್ನ ಹಿಂಭಾಗದ ವಿಷಯ ನಾನು ಮರೆತುಬಿಟ್ಟೆ ಅಂತ ತಿಳ್ಕೋ. ಡ್ರೈವರ್ ನೀನೇ. ಕಮ್ನಾನ್‌ಗೆ ಮಾತ್ರ ಗೊತ್ತಾಗೋದು ಬೇಡ, ಮನುಷ್ಯ ನೊಂದ್ಕೋತಾನೆ."

ಖುನ್ ನಾಯ್ ಅವನನ್ನು ಒಳಗೆ ಕರೆಯದೆ ಬಾಗಿಲ ಸಂದಿಯಿಂದಲೇ ಕೇಳಿಸಿಕೊಂಡರು. ಕೇಳಿಸಿಕೊಂಡ ಮೇಲೆ ಬಾಗಿಲು ಪೂರ್ತಿ ತೆರೆಯಿತು, ಮಲ್ಲಿಗೆ ನೀರು ಬಂತು. "ಹಿರಿಯರು ಮೌನದ ಬೆಲೆ ತಿಳಿದವರು. ನೀವೇ ಓಡಿಸಿ ಲುಂಗ್. ಆದರೆ ಆ ಇಬ್ಬರಿಗೆ ಈಗ ಹೇಳೋದು ಸರಿಯಲ್ಲ. ಅವರಿಗೂ ಒಂದು ಮನಸ್ಸು ಅಂತ ಇರುತ್ತಲ್ಲ."

ನಮ್ಮ ಜನರ ದಾಕ್ಷಿಣ್ಯ ಅಂಥದ್ದು. ಇನ್ನೊಬ್ಬರ ಮುಖ ಬಾಡಬಾರದೆಂದು ಮನೆಗೆ ಬೆಂಕಿ ಬಿದ್ದರೂ ಮೆಲುದನಿಯಲ್ಲೇ ಕೂಗುತ್ತೇವೆ. ಮೂವರೂ ಒಬ್ಬರನ್ನೊಬ್ಬರು ಕಂಡಾಗ ಅತಿ ಮೃದುವಾಗಿ ಮಾತಾಡತೊಡಗಿದರು. ಸೋತವರೆಂದು ಪರಸ್ಪರ ಕನಿಕರಪಟ್ಟರು. ಕಮ್ನಾನ್ ಸಾಹುಕಾರರಿಗೆ ಒಂದು ಗೊನೆ ಬಾಳೆಹಣ್ಣು ಕಳಿಸಿದರು. ಸಾಹುಕಾರರು ಖುನ್ ನಾಯ್‌ಗೆ ಬಾತುಮೊಟ್ಟೆ ಕಳಿಸಿದರು. ಖುನ್ ನಾಯ್ ಇಬ್ಬರಿಗೂ ಕರವಸ್ತ್ರ ಕಳಿಸಿದರು, ಒರೆಸಿಕೊಳ್ಳಲು ಬೇಕಾದೀತೆಂದು. ಊರಿನಲ್ಲಿ ಇಷ್ಟು ಸೌಹಾರ್ದ ಹಿಂದೆಂದೂ ಇರಲಿಲ್ಲ. ಸನನ್ ಕಾಫಿ ಅಂಗಡಿಯಲ್ಲಿ ಕೂತು ವಾಹನಗಳ ಭವಿಷ್ಯದ ಬಗ್ಗೆ ಕೇಳಿದವರಿಗೆಲ್ಲ, ಅವರವರ ಬಳಿ ಯಾವುದಿದೆಯೋ ಅದೇ ಭವಿಷ್ಯ ಎಂದು ಹೇಳುತ್ತಿದ್ದ. ಮೋಟಾರ್‌ಸೈಕಲ್ಲಿನವನಿಗೂ ನಿರಾಸೆಯಾಗಲಿಲ್ಲ.

"ಏನೋ ಮಾಡ್ಕೊಂಡಿದೀರಾ ನೀವು," ಅಂದಳು ಸಮ್ಲೀ. "ಮೂರು ಮನೆಯವ್ರೂ ನನ್ನ ನೋಡಿ ನಗ್ತಾರೆ. ಒಂದು ಮನೆಯವ್ರು ನಕ್ಕಿದ್ರೆ ನಂಬ್ತಿದ್ದೆ."

ಭಿಕ್ಷುಗಳಿಗೆ ಕಾವಿವಸ್ತ್ರ ಅರ್ಪಿಸುವ ದಿನ ಬಂತು, ಕಾರು ಒಪ್ಪಿಸುವುದೂ ಅಂದೇ. ಮಂಟಪದ ತುಂಬ ಜನ. ನಾನು ಮೈಕು ಹಿಡಿದು "ಹಲೋ, ಹಲೋ" ಅನ್ನುವಷ್ಟರಲ್ಲಿ ಮುಂದಿನ ಗೇಟಿನಿಂದ ಕಮ್ನಾನ್‌ರ ಡೀಸೆಲ್ ಪಿಕಪ್ ಗುಡುಗುತ್ತ ಬಂತು. ಮೂತಿಗೆ ಮಲ್ಲಿಗೆ ಹಾರ, ಕನ್ನಡಿಗೆ ಬಣ್ಣದ ರಿಬ್ಬನ್, ಬಾಗಿಲ ಮೇಲೆ ಚಿನ್ನದ ಅಕ್ಷರದಲ್ಲಿ ಕಮ್ನಾನ್ ವಂಶದ ಹೆಸರು. ಅದರ ಹೊಗೆ ಇನ್ನೂ ಕರಗಿರಲಿಲ್ಲ, ಪಕ್ಕದ ಗೇಟಿನಿಂದ ಸಾಹುಕಾರರ ಗ್ಯಾಸ್ ಕಾರು ಬಂತು. ಅದಕ್ಕೂ ಹಾರ, ಅದಕ್ಕೂ ಹೆಸರು. ಇಬ್ಬರೂ ಇಳಿದು ಒಬ್ಬರ ಕಾರನ್ನೊಬ್ಬರು ನೋಡಿದರು.

"ಇದೇನ್ ಸಾಹುಕಾರ್ರೇ, ಮೆರವಣಿಗೆ ನೋಡೋಕೆ ಬಂದ್ರಾ?"

"ನಾನೂ ಅದನ್ನೇ ಕೇಳೋಣಾಂತಿದ್ದೆ."

ಅಷ್ಟರಲ್ಲಿ ಹಿಂದಿನ ಗೇಟಿನ ಬಳಿ ನಾಯಿಗಳು ಕಿರುಚಿಕೊಂಡವು. ವಿಹಾರದ ನಾಯಿಗಳು ದಾರಿಯ ಮಧ್ಯದಲ್ಲೇ ಮಲಗುವುದು, ವಾಹನದ ಸದ್ದು ಕೇಳಿದಾಗ ಏಳಬೇಕೋ ಬೇಡವೋ ಎಂದು ಯೋಚಿಸುವುದು ರೂಢಿ. ಖುನ್ ನಾಯ್‌ರ ಹೈಬ್ರಿಡ್ ಅವಕ್ಕೆ ಯೋಚಿಸಲು ಅವಕಾಶ ಕೊಟ್ಟಿರಲಿಲ್ಲ. ಯಾವುದಕ್ಕೂ ಪೆಟ್ಟಾಗಲಿಲ್ಲ, ಆದರೆ ಎಲ್ಲವೂ ಸೇರಿ ಕಾರನ್ನು ಸುತ್ತುವರಿದು ಬೊಗಳತೊಡಗಿದವು. ಖುನ್ ನಾಯ್ ಗಾಜು ಇಳಿಸಲಾರದೆ ಒಳಗಿನಿಂದಲೇ ಎಲ್ಲರಿಗೂ ಕೈಮುಗಿದರು.

ದಾಕ್ಷಿಣ್ಯಕ್ಕೂ ಒಂದು ಮಿತಿಯಿದೆ. ಅದು ಆ ಅಂಗಳದಲ್ಲಿ ಮುಗಿಯಿತು.

"ಲುವಾಂಗ್ ಪೋ ಡೀಸೆಲ್ಲಿಗೆ ಹೂಂ ಅಂದಿದಾರೆ!"

"ಗ್ಯಾಸಿಗೆ ಅಂದಿದಾರೆ! ಬಾಳೆಹಣ್ಣು ಕಳಿಸಿ ನನ್ನ ಸಮಾಧಾನ ಮಾಡಿದ್ರಾ ನೀವು?"

"ಮತ್ತೇನು, ನಿಮ್ಮ ಬಂಕಿನ ಶ್ರಾದ್ಧಕ್ಕೆ ಅಂದ್ಕೊಂಡ್ರಾ?"

ನಾಯಿಗಳ ನಡುವಿನಿಂದ ಹೇಗೋ ದಾರಿ ಮಾಡಿಕೊಂಡು ಬಂದ ಖುನ್ ನಾಯ್, "ನನ್ನ ಕರವಸ್ತ್ರ ಇಬ್ಬರೂ ವಾಪಸ್ ಕೊಡಿ," ಅಂದರು.

ಈ ಗದ್ದಲದ ಮಧ್ಯೆ ಸಮ್ಲೀಯ ಐಸ್ ಗಾಡಿ ಬಂತು. ಶರಬತ್ತಿಗೆಂದು ಮೂಟೆ ಇಳಿಸುತ್ತ ಅವಳು ಮೂರು ಕಾರುಗಳನ್ನೂ ಒಮ್ಮೆ ನೋಡಿದಳು. "ಎಲ್ಲಾ ಚೆನ್ನಾಗಿದೆ. ಒಂಬತ್ತು ಜನ ಎಲ್ಲಿ ಕೂರ್ತಾರೆ?"

ಹೊಗೆ, ಉಸಿರು, ಮೌನ, ಪ್ರವಾಹ, ಬ್ಯಾಟರಿ, ಮುಂದಿನ ಕಾಲ ಎಲ್ಲವನ್ನೂ ಚರ್ಚಿಸಿದ್ದ ಸಮಿತಿ ಸೀಟುಗಳ ವಿಷಯಕ್ಕೆ ಬಂದಿರಲಿಲ್ಲ. ಪಿಕಪ್ಪಿನಲ್ಲಿ ಹಿಂದೆ ಮೂವರು, ಮಿಕ್ಕವರು ತೆರೆದ ತೊಟ್ಟಿಯಲ್ಲಿ ಬಿಸಿಲಿಗೆ. ಉಳಿದ ಎರಡರಲ್ಲೂ ಹಿಂದಿನ ಸೀಟು ಮೂವರಿಗೆ ಮುಗಿಯಿತು.

"ಅದೆಲ್ಲ ಆಮೇಲೆ," ಅಂದರು ಕಮ್ನಾನ್. "ಮೊದಲು ಈ ಹೂಂ ಯಾರದ್ದು? ಎಲ್ಲಿ ಆ ತಜ್ಞ?"

ತಜ್ಞ ದೊಡ್ಡ ಗಂಟೆಯ ಹಿಂದೆ ನಿಂತಿದ್ದ. ನಾಲ್ಕು ಜನ ಅವನನ್ನು ಕರೆತಂದು ನನ್ನ ಪಕ್ಕ ನಿಲ್ಲಿಸಿದರು. ಮೈಕು ಆನ್ ಆಗಿಯೇ ಇತ್ತು. ಆರಿಸಬೇಕಾದವನು ನಾನು, ಆದರೆ ಬೆರಳು ಯಾಕೋ ಏಳಲಿಲ್ಲ.

"ಹೇಳಯ್ಯ ಸನನ್. ಯಾರಿಗೆ ಹೂಂ ಅಂದ್ರು?"

"ಎಲ್ಲರಿಗೂ," ಎಂಬ ದನಿ ಎಂಟು ಧ್ವನಿವರ್ಧಕಗಳಲ್ಲಿ ಗದ್ದೆಯಾಚೆಯ ಊರಿಗೂ ಕೇಳಿಸಿತು.

ಮೂವರು ದಾನಿಗಳೂ ಒಟ್ಟಿಗೆ ಹೆಜ್ಜೆ ಮುಂದಿಟ್ಟರು. ಸನನ್ ಸುತ್ತ ನೋಡಿದ. ಒಂದು ಕಡೆ ದಾನಿಗಳು, ಒಂದು ಕಡೆ ನಾಯಿಗಳು, ಇನ್ನೊಂದು ಕಡೆ ಐಸ್ ಮೂಟೆಯ ಮೇಲೆ ಕೈಯಿಟ್ಟು ನಿಂತ ಹೆಂಡತಿ. ದಾರಿಯಿದ್ದದ್ದು ವೇದಿಕೆಯ ಕಡೆ ಮಾತ್ರ. ಅವನು ಓಡಿಹೋಗಿ ಲುವಾಂಗ್ ಪೋ ಅವರ ಪಾದದ ಬಳಿ ದೊಪ್ಪನೆ ಬಿದ್ದ. ನನ್ನಿಂದ ಕಿತ್ತುಕೊಂಡ ಮೈಕು ಅವನ ಕೈಯಲ್ಲೇ ಇತ್ತು.

"ಲುವಾಂಗ್ ಪೋ! ನನ್ನಿಂದ ಆಗಲ್ಲ. ಇಡೀ ಊರಿನ ಪರವಾಗಿ ಕೈಮುಗಿದು ಕೇಳ್ಕೋತೀನಿ. ನಿಮಗೆ ಏನು ಬೇಕೋ ನೀವೇ ಕೇಳಿಬಿಡಿ. ಏನೇ ಕೇಳಿದ್ರೂ ಆಗಲಿ!"

ಮುಂದಿನ ಸಾಲಿನಲ್ಲಿ ಕೂತಿದ್ದ ಹಳಬರು ಉಸಿರು ಬಿಗಿಹಿಡಿದರು. ಭಿಕ್ಷು ಬೇಡಬಾರದು ನಿಜ. ಆದರೆ ಗೃಹಸ್ಥನೊಬ್ಬ ತಾನಾಗಿ "ಬೇಕಾದ್ದು ಕೇಳಿ" ಎಂದು ಬಾಯಿಬಿಟ್ಟು ಆಹ್ವಾನಿಸಿದರೆ ಕೇಳಬಹುದೆಂದು ಭಿಕ್ಷುಗಳ ನಿಯಮಗ್ರಂಥವಾದ ವಿನಯದಲ್ಲೇ ಬರೆದಿದೆ. ನಮ್ಮೂರಿನಲ್ಲಿ ಎಲ್ಲರೂ ಕೊಡುವುದರಲ್ಲಿ ಮುಳುಗಿದ್ದರಿಂದ ಹಾಗೆ ಆಹ್ವಾನಿಸಲು ಇದುವರೆಗೆ ಯಾರಿಗೂ ಪುರುಸೊತ್ತು ಆಗಿರಲಿಲ್ಲ.

"ಸಾಧು," ಎಂದು ಸಭೆ ಒಪ್ಪಿಗೆ ಕೊಟ್ಟಿತು, ನಮ್ಮಲ್ಲಿ 'ಒಳ್ಳೆಯದಾಯಿತು' ಅನ್ನುವುದು ಹೀಗೆಯೇ.

ಲುವಾಂಗ್ ಪೋ ಅಂದೂ ಮಡಿಲೇರಿದ್ದ ಬೆಕ್ಕನ್ನು ಕೆಳಗಿಳಿಸಿದರು. ಸನನ್‌ನನ್ನು ಬಹಳ ಹೊತ್ತು ನೋಡಿದರು. ಮೈಕಿಗಾಗಿ ಕೈ ಚಾಚಿದರು, ಗಂಟಲು ಸರಿಮಾಡಿಕೊಂಡರು.

"ಗಾಡಿ ಯಾವುದಾದ್ರೂ ಸರಿಯಪ್ಪ," ಅಂದರು. "ಡ್ರೈವರ್ನ ಬದಲಾಯಿಸಿ."

ಅವರ ಹಿಂದೆ ಸಾಲಾಗಿ ಕೂತಿದ್ದ ಎಂಟು ಜನ ಭಿಕ್ಷುಗಳು ಧ್ಯಾನಭಂಗಿಯಲ್ಲೇ ಇದ್ದರು. ಆದರೆ ಎಂಟೂ ಜನರ ಬಿಗಿದ ಭುಜಗಳು ಒಟ್ಟಿಗೆ ಕೆಳಗಿಳಿದದ್ದನ್ನು ನಾನು ಕಣ್ಣಾರೆ ಕಂಡೆ.

"ಲುವಾಂಗ್ ಪೋ..." ಅಂದ ಸನನ್.

"ಆ ಐಸ್ ಗಾಡಿ ಹೆಣ್ಣುಮಗಳನ್ನ ನಾನು ದಿನಾ ಬೆಳಿಗ್ಗೆ ಭಿಕ್ಷೆಗೆ ಹೋಗುವಾಗ ನೋಡ್ತೀನಿ," ಅಂದರು ಲುವಾಂಗ್ ಪೋ. ಆಹ್ವಾನ ಇನ್ನೂ ಮುಗಿದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. "ಮುಂದೆ ನೋಡ್ಕೊಂಡು ಓಡಿಸ್ತಾಳೆ. ಅವಳು ಒಪ್ಪಿದ್ರೆ ಅವಳೇ ಓಡಿಸಲಿ."

ಸಮ್ಲೀ ಮೂಟೆ ಕೈಬಿಟ್ಟಳು. "ನನ್ನ ಅಂಗಡಿ ಕೆಲಸ ಬಿಸಿಲೇರೋದ್ರೊಳಗೆ ಮುಗಿಯುತ್ತೆ, ಪೂಜ್ಯರೇ. ಆದ್ರೆ ಹೆಂಗಸು ಓಡಿಸೋ ಗಾಡೀಲಿ ಭಿಕ್ಷುಗಳು ಹೋಗೋ ಹಾಗಿಲ್ಲವಲ್ಲ? ಜೊತೆಗೆ ಒಬ್ಬ ತಿಳಿವಳಿಕೆ ಇರೋ ಗಂಡಸು ಕೂತಿರ್ಬೇಕು ಅಂತಾರೆ."

"ಇರಬೇಕು," ಅಂದರು ಕಮ್ನಾನ್.

ಎಲ್ಲರೂ ಪಾದದ ಬಳಿ ಬಿದ್ದಿದ್ದ ಸನನ್ ಕಡೆ ನೋಡಿದರು. ತಿಳಿವಳಿಕೆ ಎಂಬ ಶಬ್ದದ ವ್ಯಾಪ್ತಿಯ ಬಗ್ಗೆ ಸಮಿತಿಯಲ್ಲಿ ಸ್ವಲ್ಪ ಚರ್ಚೆ ನಡೆಯಿತು. ಹಗಲುಹೊತ್ತು ಬೇರೆ ಗಂಡಸರಿಗೆಲ್ಲ ಕೆಲಸವಿದ್ದ ಕಾರಣ ಅದನ್ನು ಉದಾರವಾಗಿ ಅರ್ಥೈಸಲಾಯಿತು.

ಇಂಧನದ ಪ್ರಶ್ನೆಯೂ ಅಲ್ಲೇ ಬಗೆಹರಿಯಿತು. ಒಂದು ಕಾರಿಗೆ ಮೂವರು ಎಂದರೆ ಒಂಬತ್ತು ಜನಕ್ಕೆ ಮೂರೂ ಬೇಕು. ಈಗ ನಮ್ಮ ವಿಹಾರದಿಂದ ಮೂರು ಭವಿಷ್ಯಗಳೂ ಒಟ್ಟಿಗೆ ಹೊರಡುತ್ತವೆ. ಡೀಸೆಲ್ ಮುಂದೆ ಹೋಗಿ ಹೊಗೆ ಬಿಟ್ಟು ದಾರಿ ತೋರಿಸುತ್ತದೆ, ನಾಯಿಗಳಿಗೆ ಹಾರ್ನ್ ಹೊಡೆಯುತ್ತ ಹೈಬ್ರಿಡ್ ನಡುವೆ ಬರುತ್ತದೆ, ಹಿಂದಿನ ದಿನವೇ ಬಂಕಿನ ಕ್ಯೂನಲ್ಲಿ ನಿಂತು ತುಂಬಿಸಿಕೊಂಡ ಗ್ಯಾಸಿನದು ಕೊನೆಗೆ ಬರುತ್ತದೆ. ಡೀಸೆಲ್ಲನ್ನು ಕಮ್ನಾನ್, ಗ್ಯಾಸನ್ನು ಸಾಹುಕಾರರ ಅಳಿಯ, ನಡುವಿನದನ್ನು ಸಮ್ಲೀ ಓಡಿಸುತ್ತಾರೆ. ಲುವಾಂಗ್ ಪೋ ಹತ್ತುವುದು ಸಮ್ಲೀಯದನ್ನೇ.

ಮೊದಲ ದಿನ ಕಳಿಸಿಕೊಡಲು ನಾನೂ ಅಂಗಳದಲ್ಲಿದ್ದೆ. ಸನನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದ. "ಸ್ಟೀರಿಂಗ್ ತಿರುಗ್ಸೋದು ಏನು ಮಹಾ ಮೇಷ್ಟ್ರೇ. ಧರ್ಮದ ಪ್ರಕಾರ ಈ ಗಾಡೀಲಿ ಇರಲೇಬೇಕಾದವನು ನಾನು," ಅಂದ. ಆಮೇಲೆ ಹಿಂದಕ್ಕೆ ತಿರುಗಿ, "ಲುವಾಂಗ್ ಪೋ, ನಿಮಗೆ ಗೊತ್ತಾ, ಈ ಹೈಬ್ರಿಡ್ಡಿನ ಬ್ಯಾಟರಿ ಹೇಗೆ ಕೆಲಸ ಮಾಡುತ್ತೆ ಅಂದ್ರೆ..." ಎಂದು ಶುರು ಮಾಡಿದ.

ಸಮ್ಲೀ ಕೀ ತಿರುಗಿಸಿದಳು. ಕಾರು ಸದ್ದು ಮಾಡಲಿಲ್ಲ.

"ಮುದುಕಪ್ಪ, ಮುಂದೆ ತಿರುಗಿ ಬೆಲ್ಟ್ ಹಾಕ್ಕೊಳ್ಳಿ," ಅಂದಳು. "ಬಾಯಿಗೂ ಒಂದು ಹಾಕ್ಕೊಳ್ಳಿ."

ಹಿಂದಿನ ಸೀಟಿನಿಂದ ಮೂರು ಕಂಠಗಳು ಒಟ್ಟಾಗಿ, ಮೂರು ಸಲ, ತುಂಬುದನಿಯಲ್ಲಿ "ಸಾಧು" ಅಂದವು.